ಬೇಡುವವರಿಗೆ ಕ್ರಮ ಬೇಡವೇ?

ಕನ್ನಡ ನಾಡಿನಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಊರಿಗೊಂದು ವಾಚನಾಲಯ, ಓಣಿಗೊಂದು ಮಿತ್ರಮಂಡಲಿ, ತಾಲೂಕಿಗೊಂದು ಸಾಹಿತ್ಯ ಸಂಘ ಇದ್ದೇ ಇವೆ. ಇವುಗಳಲ್ಲಿ ಹಣವುಳ್ಳವು ಮಾತ್ರ ವಿರಳ. ಆದುದರಿಂದ ಪ್ರತಿಯೊಂದು ಸಂಘವೂ ಒಂದಿಲ್ಲೊಂದು ದಿನ ಸರಕಾರದ ಇಲಾಖೆಗೋ, ಪ್ರಾಧಿಕಾರಕ್ಕೋ, ಯಾವುದಾದರೊಂದು ಧರ್ಮಾರ್ಥ ನಿಧಿಗೋ ಸಹಾಯಧನವನ್ನು ಬೇಡಿ ಅರ್ಜಿ ಬರೆಯುವುದು. ಅರ್ಜಿ ತಿರಸ್ಕೃತವಾದೊಡನೆ ಸಭೆ ಸೇರುವುದು, ಠರಾವು ಪಾಸಾಗುವುದು, ಕನ್ನಡಕ್ಕೆ ಅನ್ಯಾಯವಾಯಿತೆಂಬ ಕೂಗು ಏಳುವುದು. ಅನ್ಯಾಯವು ಅನೇಕ ವೇಳೆ ನಿಜವಾಗಿಯೇ ಇರುತ್ತದೆ. ಅದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಇಂದು ನಾವು ಆಡಬೇಕೆಂದಿರುವ ಮಾತು ಬೇರೆ, ಅದು ಕಹಿಯಾದುದು. ನಮ್ಮ ಅರ್ಜಿಗಳಲ್ಲಿ ಅನೇಕವು ಓದುವವನ ಕೈಗೆ ಸಿಕ್ಕದಂತೆ ಬರೆದವುಗಳು. ಯಾವ ಸಂಗತಿಯು ಯಾವ ಪುಟದಲ್ಲಿದೆಯೆಂದು ತೋರಿಸುವ ಒಂದು ಹಾಳೆಯೂ, ಅಂದರೆ ಒಂದು ವಿಷಯಾನುಕ್ರಮಣಿಕೆಯೂ, ಅವುಗಳ ಮೊದಲಲ್ಲಿ ಇರುವುದಿಲ್ಲ. ಪರರು ನಮಗೆ ಅನ್ಯಾಯ ಮಾಡುವುದಕ್ಕೆ ಮುನ್ನವೇ ನಾವು ನಮಗೆ ಅನ್ಯಾಯ ಮಾಡಿಕೊಂಡಿರುತ್ತೇವೆ.

ಹಾಳೆಯೊಂದಕ್ಕೆ ಇಷ್ಟು ದೊಡ್ಡ ಮಾತೇಕೆಂದು ವಾಚಕರು ಕೇಳಬಹುದು. ನಾವು ಕಣ್ಣಾರೆ ಕಂಡುದನ್ನು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಗಡಿಭಾಗದ ಒಂದು ವಾಚನಾಲಯದ ಕಾರ್ಯದರ್ಶಿಗಳು ನಮ್ಮಲ್ಲಿಗೆ ಬಂದರು. ಅವರು ನಿವೃತ್ತರಾದ ಶಾಲಾ ಮಾಸ್ತರರು. ತಮ್ಮ ಪಿಂಚಣಿಯಿಂದಲೇ ವಾಚನಾಲಯದ ದೀಪದ ಖರ್ಚನ್ನು ನಡೆಯಿಸುತ್ತಿದ್ದವರು. ಅವರ ವಾಚನಾಲಯದ ಅಟ್ಟದ ಮೇಲೆ ನೂರಕ್ಕೂ ಮೇಲ್ಪಟ್ಟು ತಾಳೆಯೋಲೆಯ ಕಟ್ಟುಗಳಿದ್ದವು. ಅವುಗಳನ್ನು ಶುದ್ಧಿಮಾಡಿ, ಎಣ್ಣೆ ಸವರಿ, ಛಾಯಾಪ್ರತಿ ತೆಗೆಯಿಸಿ ಕಾಯಬೇಕೆಂಬುದು ಅವರ ಹಂಬಲ. ಅದಕ್ಕಾಗಿ ಕಳುಹಿಸಿದ ಅರ್ಜಿಯು ಒಂದೇ ಸಾಲಿನ ಉತ್ತರದೊಡನೆ ಮರಳಿ ಬಂದಿದ್ದಿತು.

"ವಕೀಲ ಸಾಹೇಬರೇ, ಇದಕ್ಕೆ ದಾವೆ ಹೂಡಲು ಬರುವುದೇ?" ಎಂದು ಅವರು ಕೇಳಿದರು.

"ಮಾಸ್ತರರೇ, ಮೊದಲು ಅರ್ಜಿಯನ್ನು ಓದಗೊಡಿರಿ" ಎಂದೆವು.

ಅರ್ಜಿಯಲ್ಲಿ ೬೨ ಪುಟಗಳಿದ್ದವು; ಪುಟಸಂಖ್ಯೆಯನ್ನು ಮಾತ್ರ ಯಾರೂ ಹಾಕಿರಲಿಲ್ಲ. ಮೊದಲ ಒಂಬತ್ತು ಪುಟಗಳಲ್ಲಿ ಕದಂಬರಿಂದ ವಿಜಯನಗರದವರೆಗಿನ ಕನ್ನಡಿಗರ ವೈಭವ. ಅನಂತರ ವಾಚನಾಲಯಕ್ಕೆ ಬಂದುಹೋದ ಗಣ್ಯರಿಗೆ ಹಾರ ಹಾಕುವ ಚಿತ್ರಗಳು. ಆಮೇಲೆ ಹಳೆಯ ಠರಾವುಗಳು, ಪತ್ರಿಕೆಯ ತುಣುಕುಗಳು. ಓಲೆಯ ಕಟ್ಟುಗಳ ಮಾತು ಮೊದಲ ಬಾರಿಗೆ ಬಂದುದು ೪೭ನೆಯ ಪುಟದಲ್ಲಿ, ಅದೂ ಮಳೆಗೆ ಸೋರುವ ಮಾಳಿಗೆಯ ವರ್ಣನೆಯ ನಡುವೆ ಒಂದು ವಾಕ್ಯದಲ್ಲಿ. ಬೇಡಿದ ಮೊತ್ತವು ೫೫ನೆಯ ಪುಟದಲ್ಲಿ ಒಂದಾಗಿದ್ದರೆ ಕೊನೆಯ ಅಂದಾಜುಪಟ್ಟಿಯಲ್ಲಿ ಇನ್ನೊಂದಾಗಿದ್ದಿತು. ಆ ಮಾಸ್ತರರ ನಿಸ್ವಾರ್ಥತೆಯಲ್ಲಿ ನಮಗೆ ಲೇಶವೂ ಸಂಶಯವಿಲ್ಲ. ಆದರೆ ಮೇಜಿನ ಮೇಲೆ ನೂರು ಅರ್ಜಿಗಳನ್ನಿಟ್ಟುಕೊಂಡ ಪರೀಕ್ಷಕನಿಗೆ ಅವರ ಹಂಬಲವು ಕಾಣುವ ಬಗೆ ಯಾವುದು?

ನಾವಿಬ್ಬರೂ ನಾಲ್ಕು ಸಂಜೆ ಕುಳಿತು ಅದನ್ನು ೧೯ ಪುಟಗಳಿಗೆ ಇಳಿಸಿ, ಮೊದಲಲ್ಲಿ ಅನುಕ್ರಮಣಿಕೆಯನ್ನಿಟ್ಟು, ಮುಂದಿನ ವರ್ಷದ ಅವಧಿಯಲ್ಲಿ ಕಳುಹಿಸಿದೆವು. ಸಹಾಯಧನವು ದೊರೆಯಿತು. ಆದರೆ ಅದು ಕೈಗೆ ಬರುವಷ್ಟರಲ್ಲಿ ನಡುವೆ ಎರಡು ಮಳೆಗಾಲಗಳು ಕಳೆದುಹೋಗಿದ್ದವು. ಕಟ್ಟುಗಳಲ್ಲಿ ಮೂರನೆಯ ಒಂದು ಪಾಲು ತೇವದಿಂದ ಅಂಟಿಕೊಂಡು, ಹುಳು ಹಿಡಿದು, ಬಿಚ್ಚಲು ಬಾರದಂತಾಗಿದ್ದಿತು. ಆ ಓಲೆಗಳಲ್ಲಿ ಏನಿದ್ದಿತೆಂಬುದನ್ನು ಇನ್ನು ಯಾವ ಸರಕಾರವೂ ಹೇಳಲಾರದು, ಯಾವ ನ್ಯಾಯಾಲಯವೂ ಮರಳಿ ಕೊಡಿಸಲಾರದು. ಕ್ರಮವಿಲ್ಲದ ಅರ್ಜಿಗೆ ನಾವು ತೆತ್ತ ಬೆಲೆ ಇದು.

ನಮ್ಮ ಹಿರಿಯರು ಈ ವಿಷಯದಲ್ಲಿ ಹೇಗೆ ನಡೆದುಕೊಂಡರೆಂಬುದನ್ನು ನೋಡೋಣ. ಕನ್ನಡ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲದಲ್ಲಿ, ೧೯೨೮ರಲ್ಲಿ, ಮೋತಿಲಾಲ ನೆಹರೂ ಅವರ ಅಧ್ಯಕ್ಷತೆಯ ಸಮಿತಿಯು ಹಿಂದುಸ್ತಾನದ ರಾಜ್ಯಘಟನೆಯನ್ನು ಆಲೋಚಿಸಲು ಕುಳಿತಿತು. ಅದರ ಮುಂದೆ ಕರ್ನಾಟಕ ಏಕೀಕರಣ ಸಂಘದ ಮತ್ತು ಪ್ರಾಂತಿಕ ಕಾಂಗ್ರೆಸ್ ಸಮಿತಿಯ ಪರವಾಗಿ ನಮ್ಮ ನಿವೇದನೆಯು ಮಂಡಿತವಾಯಿತು. ಸಮಿತಿಯವರು ತಮ್ಮ ವರದಿಯಲ್ಲಿ ಆ ನಿವೇದನೆಯನ್ನು ಮೆಚ್ಚಿಕೊಂಡಿದ್ದಾರೆ. ಇತಿಹಾಸ, ಸಂಸ್ಕೃತಿ, ಅಂಕಿ ಸಂಖ್ಯೆ ಈ ಮೂರು ಬಗೆಯ ವಿಪುಲ ಮಾಹಿತಿಯೊಡನೆ ಅದು ಸಿದ್ಧವಾಗಿದ್ದಿತೆಂದೂ, ತಾವು ಕೇಳಿದ ಪ್ರಶ್ನೆಗಳಿಗೆಲ್ಲ ಸಮಾಧಾನಕರವಾದ ಉತ್ತರ ಬಂದಿತೆಂದೂ, ಕರ್ನಾಟಕ ಪ್ರಾಂತಕ್ಕೆ ಮೇಲ್ನೋಟಕ್ಕೇ ಬಲವಾದ ಆಧಾರವಿದೆಯೆಂದೂ ಬರೆದಿದ್ದಾರೆ. ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ಯಾರಿಂದ ಸಾಧ್ಯ? ತನ್ನ ಸಾಮಗ್ರಿಯು ಎಲ್ಲೆಲ್ಲಿದೆಯೆಂಬುದನ್ನು ಬಲ್ಲವನಿಂದ ಮಾತ್ರ. ರಾಶಿಯಲ್ಲಿ ಕೈಯಾಡಿಸಿ ಹುಡುಕುವವನು ಆ ಪರೀಕ್ಷೆಯಲ್ಲಿ ನಿಲ್ಲಲಾರನು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಲೆಕ್ಕವನ್ನು ನೋಡಿರಿ. ೧೯೫೩ರ ಡಿಸೆಂಬರಿನಲ್ಲಿ ಫಜಲ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಿತವಾಯಿತು. ಪಂಡಿತ ಹೃದಯನಾಥ ಕುಂಜರು ಮತ್ತು ಸರದಾರ ಪಣಿಕ್ಕರರು ಅದರ ಸದಸ್ಯರು. ಭಾರತದ ಮೂಲೆಮೂಲೆಯಿಂದ ಆ ಆಯೋಗಕ್ಕೆ ಬಂದ ಕಾಗದಪತ್ರಗಳ ಸಂಖ್ಯೆ ೧,೫೨,೨೫೦. ಅವುಗಳಲ್ಲಿ ಬಹುಪಾಲು ತಂತಿಗಳು ಮತ್ತು ಅಚ್ಚು ಮಾಡಿಸಿದ ಠರಾವುಗಳು. ಚೆನ್ನಾಗಿ ವಿಚಾರಮಾಡಿ ಬರೆದ ನಿವೇದನ ಪತ್ರಗಳು ಸುಮಾರು ೨,೦೦೦ವನ್ನು ಮೀರಲಿಲ್ಲವೆಂದು ಆಯೋಗವೇ ೧೯೫೫ರ ತನ್ನ ವರದಿಯಲ್ಲಿ ಹೇಳಿದೆ. ಎಪ್ಪತ್ತಾರಕ್ಕೆ ಒಂದು! ಉಳಿದ ಎಪ್ಪತ್ತೈದರ ಹಿಂದೆ ಭಾವನೆಯಿರಲಿಲ್ಲವೇ? ಇದ್ದಿತು. ನ್ಯಾಯವಿರಲಿಲ್ಲವೇ? ಅನೇಕ ಕಡೆಗೆ ಅದೂ ಇದ್ದಿತು. ಆದರೆ ರಾಷ್ಟ್ರದ ನಕ್ಷೆಯನ್ನೇ ಬದಲಿಸಹೊರಟ ಮೂವರ ಮುಂದೆ ಅವು ಎಣಿಕೆಗೆ ಬಂದುವೇ ಹೊರತು ವಿಚಾರಕ್ಕೆ ಬರಲಿಲ್ಲ.

ಕ್ರಮಬದ್ಧವಾದ ಕಾಗದವೊಂದರಿಂದಲೇ ೧೯೫೬ರ ನವೆಂಬರ ೧ರಂದು ನಾಡು ಒಂದಾಯಿತೆಂದು ನಾವು ಹೇಳುತ್ತಿಲ್ಲ. ೧೯೨೮ರ ಮೆಚ್ಚುಗೆಗೂ ೧೯೫೬ರ ಏಕೀಕರಣಕ್ಕೂ ನಡುವೆ ಇಪ್ಪತ್ತೆಂಟು ವರ್ಷಗಳಿವೆ. ಆ ವರ್ಷಗಳಲ್ಲಿ ಸೆರೆಮನೆಗಳಿವೆ, ಚಳವಳಿಗಳಿವೆ, ೧೯೫೩ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಮಾಡಿದ ಉಪವಾಸವಿದೆ. ಆದರೆ ತ್ಯಾಗವು ಬಾಗಿಲನ್ನು ತೆರೆಯಿಸಿದ ಮೇಲೆ ಒಳಗೆ ಹೋಗಿ ಹೇಳಬೇಕಾದ ಮಾತನ್ನು ಹೇಳುವವರು ಬೇಕಷ್ಟೆ? ಉಪವಾಸ ಮಾಡಿದವರ ಹಸಿವಿಗೆ ಬೆಲೆ ಬರಬೇಕಾದರೆ ಬರೆಯುವವರ ಲೇಖನಿಯಲ್ಲಿ ಶಿಸ್ತು ಇರಲೇಬೇಕು.

ಈ ಶಿಸ್ತಿಗೆ ವಿರುದ್ಧವಾಗಿ ನಮ್ಮ ಮಿತ್ರರು ಮುಂದಿಡುವ ಆಕ್ಷೇಪಗಳು ಮುಖ್ಯವಾಗಿ ಮೂರು.

ಮೊದಲನೆಯದು: "ಇದು ಗುಮಾಸ್ತರ ಕೆಲಸ, ನಮ್ಮಲ್ಲಿರುವುದು ನುಡಿಯ ಮೇಲಿನ ಭಕ್ತಿ." ಭಕ್ತಿಯುಳ್ಳವನು ದೇವರ ಪೂಜೆಯನ್ನು ಕ್ರಮಗೆಟ್ಟು ಮಾಡುವನೇ? ಅಭಿಷೇಕಕ್ಕೆ ಮುಂಚೆ ಮಂಗಳಾರತಿಯನ್ನು ಎತ್ತುವನೇ? ದೇವರ ಮುಂದೆ ಕ್ರಮವನ್ನು ಬಿಡದವರು ನಾಡಿನ ಕೆಲಸದಲ್ಲಿ ಮಾತ್ರ ಅದನ್ನು ಬಿಡುವುದಾದರೆ ಅದು ಭಕ್ತಿಯಲ್ಲ, ಆಲಸ್ಯ. ನ್ಯಾಯಾಲಯಗಳಲ್ಲಿ ೧೯೦೮ರ ದಿವಾಣಿ ವ್ಯವಹಾರ ಸಂಹಿತೆಯು ಇಂದಿಗೂ ನಡೆಯುತ್ತಿದೆ. ಅದರ ಆರನೆಯ ಆದೇಶದಂತೆ ವಾದಪತ್ರವನ್ನು ಕಲಮುಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಅನುಕ್ರಮವಾಗಿ ಸಂಖ್ಯೆ ಹಾಕಬೇಕು. ಏಳನೆಯ ಆದೇಶದಂತೆ ಯಾವ ನ್ಯಾಯಾಲಯ, ಯಾರು ವಾದಿ, ಯಾರು ಪ್ರತಿವಾದಿ, ದಾವೆಗೆ ಕಾರಣವೇನು, ಅದು ಯಾವಾಗ ಹುಟ್ಟಿತು, ಬೇಡುವ ಪರಿಹಾರ ಯಾವುದು ಎಂಬುದೆಲ್ಲವನ್ನೂ ಕಾಣಿಸಬೇಕು. ದಾವೆಯ ಕಾರಣವೇ ಕಾಣದಿದ್ದರೆ ವಾದಪತ್ರವನ್ನು ವಿಚಾರಣೆಯಿಲ್ಲದೆ ತಿರಸ್ಕರಿಸುವ ಅಧಿಕಾರ ನ್ಯಾಯಾಧೀಶನಿಗಿದೆ. ಹತ್ತು ಗುಂಟೆ ಜಮೀನಿನ ಜಗಳಕ್ಕೆ ಇಷ್ಟು ಶಿಸ್ತು ಬೇಕಾದರೆ ಒಂದು ಊರಿನ ಗ್ರಂಥಭಂಡಾರದ ಅಳಿವು ಉಳಿವಿಗೆ ಬೇಡವೇ?

ಎರಡನೆಯ ಆಕ್ಷೇಪ: "ಅನುಕ್ರಮಣಿಕೆ ಮೊದಲಾದುದೆಲ್ಲ ಇಂಗ್ಲಿಷರ ಅನುಕರಣೆ." ಈ ಮಾತನ್ನು ಆಡುವವರು ತಮ್ಮ ಊರಿನ ಗುಡಿಯ ಮುಂದಿನ ಕಲ್ಲನ್ನು ಓದಿಲ್ಲ. ನಮ್ಮ ದಾನಶಾಸನಗಳು ಹೇಗಿವೆ? ಮೊದಲು ದೇವತಾಸ್ತುತಿ, ಅನಂತರ ಆಳುವ ಅರಸನ ಹೆಸರು, ಬಿರುದು, ಆಮೇಲೆ ದಾನ ಕೊಟ್ಟವನಾರು ಎಂಬುದು, ಶಕವರ್ಷ, ಸಂವತ್ಸರ, ತಿಥಿ, ವಾರ, ದಾನವನ್ನು ಪಡೆದವನಾರು, ಯಾವ ಧರ್ಮಕಾರ್ಯಕ್ಕಾಗಿ, ಭೂಮಿ ಎಷ್ಟು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಕಡೆಯಲ್ಲಿ ಅಳುಪಿದವನಿಗೆ ಶಾಪ, ಬರೆದವನ ಹೆಸರು. ನೂರಾರು ವರ್ಷಗಳ ಮೇಲೆ ಇಂದು ಒಬ್ಬ ವಿದ್ಯಾರ್ಥಿಯು ಶಾಸನದ ಮುಂದೆ ಕುಳಿತರೆ ಯಾವ ಸಂಗತಿಯನ್ನು ಸುಮಾರಾಗಿ ಎಲ್ಲಿ ಹುಡುಕಬೇಕೆಂಬುದು ಅವನಿಗೆ ತಿಳಿದಿರುತ್ತದೆ. ಕುಮಾರವ್ಯಾಸನು ತನ್ನ ಭಾರತವನ್ನು ಪರ್ವ, ಸಂಧಿಗಳಾಗಿ ವಿಂಗಡಿಸಿದುದಲ್ಲದೆ ಸಂಧಿಯ ತಲೆಯ ಮೇಲೆ ಅಲ್ಲಿ ಬರುವ ಕಥೆಯನ್ನು ಸಂಗ್ರಹಿಸಿ ತಿಳಿಸುವ ಸೂಚನೆಯ ಪದ್ಯವನ್ನಿಟ್ಟಿದ್ದಾನೆ. ಅಂತಹ ಮಹಾಕವಿಯು ಕೇಳುವವನಿಗೆ ಮುಂದಿನ ದಾರಿಯನ್ನು ಮೊದಲೇ ತೋರಿಸಿದನು. ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಅದು ಕೀಳೆನಿಸಬೇಕೇ? ದಾನ ಕೊಡುವವರ ಕಲ್ಲಿಗೂ ಕ್ರಮವಿದ್ದ ನಾಡಿನಲ್ಲಿ ದಾನ ಬೇಡುವವರ ಕಾಗದಕ್ಕೆ ಕ್ರಮವಿಲ್ಲದಿರುವುದು ನಾಚಿಕೆಗೇಡು.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಬಲವಾದುದು: "ಕೊಡುವವರು ಮುಖ ನೋಡಿ ಮಣೆ ಹಾಕುತ್ತಾರೆ, ಅರ್ಜಿಯನ್ನು ಓದುವವರಾರು?" ಇದರಲ್ಲಿ ಸತ್ಯಾಂಶವಿದೆ. ವಶೀಲಿಯಿಂದ ಕೆಲಸವಾಗುವುದನ್ನು ನಾವೂ ಕಂಡಿದ್ದೇವೆ. ಆದರೆ ವಶೀಲಿಯ ಮೇಲೆ ಹೋರಾಡಲು ಆಯುಧ ಯಾವುದು? ನಿಮ್ಮ ಅರ್ಜಿಯು ಗೊಂದಲವಾಗಿದ್ದರೆ ಪಕ್ಷಪಾತಿಯಾದ ಅಧಿಕಾರಿಗೆ ಸುಲಭವಾದ ನೆಪ ಸಿಕ್ಕಿತು. "ಅಪೂರ್ಣ" ಎಂದು ಬರೆದು ಅವನು ಕೈತೊಳೆದುಕೊಳ್ಳುವನು. ಅರ್ಜಿಯು ಸರ್ವಾಂಗಪೂರ್ಣವಾಗಿದ್ದು, ಬೇಕಾದುದೆಲ್ಲ ಇಂತಿಂತಹ ಪುಟದಲ್ಲಿದೆಯೆಂದು ಮೊದಲ ಹಾಳೆಯೇ ಸಾರುತ್ತಿದ್ದರೆ ಅವನಿಗೆ ಆ ನೆಪ ಉಳಿಯದು. ಆಗ ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮದ ಮೇರೆಗೆ ಕಡತದ ಟಿಪ್ಪಣಿಗಳನ್ನು ಕೇಳಿ ಪಡೆದು, ಯಾವ ಕಾರಣದಿಂದ ನಮ್ಮದು ಹಿಂದೆ ಬಿದ್ದಿತೆಂದು ನಾಲ್ಕು ಜನರ ಮುಂದೆ ಪ್ರಶ್ನಿಸಬಹುದು. ಕ್ರಮವಾದ ಅರ್ಜಿಯು ನ್ಯಾಯವಂತನಿಗೆ ದೀಪ, ಅನ್ಯಾಯಗಾರನಿಗೆ ಬಲೆ. ಕ್ರಮವಿಲ್ಲದ ಅರ್ಜಿಯು ಇಬ್ಬರ ಮುಂದೆಯೂ ರದ್ದಿ.

ಹಾಗಾದರೆ ಮಾಡಬೇಕಾದುದೇನು? ಬರಿಯ ಖಂಡನೆಯಿಂದ ತೃಪ್ತರಾಗದೆ ನಾವು ಅನುಭವದಿಂದ ಕಂಡ ಕ್ರಮವೊಂದನ್ನು ಇಲ್ಲಿ ಕೊಡುತ್ತೇವೆ.

ಹೊರ ಹಾಳೆಯ ಮೇಲೆ ಸಂಸ್ಥೆಯ ಹೆಸರು, ಕಾರ್ಯದ ಹೆಸರು, ಬೇಡುವ ಮೊತ್ತ, ಕಾಲಾವಧಿ ಈ ನಾಲ್ಕೇ ಇರಲಿ. ಅದರ ಮಗ್ಗುಲಿಗೆ ಒಂದೇ ಪುಟದ ವಿಷಯಾನುಕ್ರಮಣಿಕೆ. ಒಳಗಿನ ಪ್ರಕರಣಗಳು ಈ ರೀತಿಯಾಗಿರಲಿ:

೧. ಒಂದು ಪುಟದ ಸಾರಾಂಶ.
೨. ಈಗಿರುವ ಕೊರತೆ ಮತ್ತು ಅದಕ್ಕೆ ಪ್ರಮಾಣ.
೩. ಸಾಧಿಸಬೇಕೆಂದಿರುವ ಗುರಿ.
೪. ಕೆಲಸ ಮಾಡುವ ಬಗೆ, ತಿಂಗಳುವಾರು ವೇಳಾಪಟ್ಟಿ.
೫. ಕೆಲಸ ಮಾಡುವವರು ಮತ್ತು ಸಂಸ್ಥೆಯ ಹಿಂದಿನ ಕಾರ್ಯ.
೬. ಬಾಬುವಾರು ಖರ್ಚಿನ ಅಂದಾಜು. ಅದರಲ್ಲಿ ಸಂಸ್ಥೆಯು ತಾನು ಹಾಕುವ ಪಾಲು.
೭. ಕೆಲಸ ಕೈಗೂಡಿತೆಂಬುದನ್ನು ಅಳೆಯುವ ಬಗೆ.
೮. ಸಹಾಯಧನ ಮುಗಿದ ಮೇಲೆ ಕಾರ್ಯವು ನಿಲ್ಲದಂತೆ ಮಾಡಿದ ಏರ್ಪಾಡು.
ಪರಿಶಿಷ್ಟಗಳು: (ಅ) ನೋಂದಣಿ ಪತ್ರ, (ಆ) ತಪಾಸಣೆಯಾದ ಲೆಕ್ಕಪತ್ರಗಳು, (ಇ) ಕಾರ್ಯಕಾರಿ ಮಂಡಲಿಯ ಠರಾವು, (ಈ) ಚಿತ್ರಗಳು ಮತ್ತು ಯಾದಿಗಳು.

ಕೊಡುವವರು ತಮ್ಮದೇ ಆದ ಕ್ರಮವನ್ನು ಗೊತ್ತುಮಾಡಿದ್ದರೆ ನಮ್ಮ ಕ್ರಮವು ಎಷ್ಟೇ ಅಂದವಾಗಿರಲಿ, ಅದನ್ನು ಬಿಟ್ಟು ಅವರದನ್ನೇ ಅನುಸರಿಸತಕ್ಕದ್ದು. ಅವರು ಹುಡುಕುವುದು ತಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು.

ಅನುಕ್ರಮಣಿಕೆಯನ್ನು ಎರಡು ಸಲ ಬರೆಯಬೇಕು. ಅರ್ಜಿಯ ಒಂದಕ್ಷರವನ್ನೂ ಬರೆಯುವುದಕ್ಕೆ ಮುಂಚೆ ಒಂದು ಸಲ. ಆಗ ಅದು ಮನೆ ಕಟ್ಟುವವನ ನಕ್ಷೆಯಿದ್ದಂತೆ. ಯಾವ ಪ್ರಕರಣಕ್ಕೆ ಸಾಮಗ್ರಿಯಿಲ್ಲ, ಯಾವುದು ಎರಡು ಕಡೆ ಬಂದಿದೆ ಎಂಬುದು ಅಲ್ಲಿಯೇ ಗೊತ್ತಾಗಿಬಿಡುತ್ತದೆ. ಬರೆದು ಮುಗಿದ ಮೇಲೆ ಇನ್ನೊಂದು ಸಲ. ಆಗ ಪುಟಸಂಖ್ಯೆಗಳನ್ನು ತುಂಬಬೇಕು. ಅನುಕ್ರಮಣಿಕೆಯಲ್ಲಿ ಒಂದು ಶಿರೋನಾಮೆ, ಒಳಗೆ ಇನ್ನೊಂದು ಇರಕೂಡದು. ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಪರಿಶಿಷ್ಟಗಳ ಪುಟಗಳಿಗೂ ಎಡೆಬಿಡದೆ ಸಂಖ್ಯೆ ಇರಬೇಕು. ಶಿರೋನಾಮೆಯು ಮೂಕವಾಗಿರದೆ ಮಾತಾಡುವಂತಿರಲಿ: "ಪೀಠಿಕೆ" ಎಂದರೆ ಓದುವವನಿಗೆ ಏನು ತಿಳಿಯಿತು? "ಓಲೆಗ್ರಂಥಗಳು ಇಂದು ಇರುವ ಸ್ಥಿತಿ" ಎಂದರೆ ಅವನ ಕೈ ತಾನಾಗಿ ಆ ಪುಟಕ್ಕೆ ಹೋಗುವುದು. ಪ್ರಕರಣ, ಉಪಪ್ರಕರಣ, ಅದರೊಳಗೊಂದು ಉಪಪ್ರಕರಣ ಎಂದು ಬಿಡಿಸುತ್ತ ಹೋಗಿ ಅನುಕ್ರಮಣಿಕೆಯನ್ನೇ ನಾಲ್ಕು ಪುಟಕ್ಕೆ ಬೆಳೆಯಿಸಿದರೆ ಅದಕ್ಕೆ ಮತ್ತೊಂದು ಅನುಕ್ರಮಣಿಕೆ ಬೇಕಾದೀತು! ಎರಡು ಹಂತ ಸಾಕು.

ಕೊನೆಯದಾಗಿ ಒಂದು ಪರೀಕ್ಷೆ. ಸಂಘಕ್ಕೆ ಸಂಬಂಧವಿಲ್ಲದ ಒಬ್ಬರ ಕೈಗೆ ಅರ್ಜಿಯನ್ನು ಕೊಟ್ಟು ಮೂರು ಪ್ರಶ್ನೆಗಳನ್ನು ಕೇಳಿರಿ: ಎಷ್ಟು ಹಣ, ಯಾತಕ್ಕೆ, ಎಷ್ಟು ಕಾಲಕ್ಕೆ? ಎರಡು ನಿಮಿಷಗಳಲ್ಲಿ ಅವರು ಮೂರನ್ನೂ ಹುಡುಕಿ ಹೇಳಿದರೆ ಅರ್ಜಿಯನ್ನು ಕಳುಹಿಸಿರಿ. ತಡವರಿಸಿದರೆ ಅಂಚೆಯ ಹಣ ಉಳಿಯಿತೆಂದು ತಿಳಿದು ಮತ್ತೆ ಬರೆಯಲು ಕುಳಿತುಕೊಳ್ಳಿರಿ.

ಕೊಡುವವರಿಗೂ ಒಂದು ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಅದು ಏಕಪಕ್ಷೀಯವಾದೀತು. ೧೯೬೩ರಲ್ಲಿಯೇ ಕನ್ನಡವನ್ನು ಕಾಯಿದೆಯಿಂದ ರಾಜ್ಯಭಾಷೆಯನ್ನಾಗಿ ಮಾಡಿದ ನಾಡಿನಲ್ಲಿ ಕನ್ನಡ ಸಂಘವೊಂದು ಸಹಾಯಧನದ ನಿಯಮಗಳನ್ನು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದರೆ ಅದು ಯಾರ ತಪ್ಪು? ತಮಗೆ ಯಾವ ಪ್ರಕರಣಗಳು ಯಾವ ಅನುಕ್ರಮದಲ್ಲಿ ಬೇಕೆಂಬುದನ್ನು ಸ್ವಚ್ಛವಾದ ಕನ್ನಡದಲ್ಲಿ ಪ್ರಕಟಿಸುವುದು ಕೊಡುವವರ ಕರ್ತವ್ಯ. ತಿರಸ್ಕರಿಸಿದಾಗ "ಪರಿಗಣಿಸಲಾಗಲಿಲ್ಲ" ಎಂಬ ಒಂದು ಸಾಲಿನ ಬದಲು ಯಾವ ಪ್ರಕರಣದಲ್ಲಿ ಏನು ಕೊರತೆಯೆಂದು ತಿಳಿಸುವುದೂ ಅವರ ಕರ್ತವ್ಯ. ಆ ಮಾಸ್ತರರಿಗೆ ಅಂಥ ಎರಡು ಸಾಲು ಮೊದಲ ವರ್ಷವೇ ಬಂದಿದ್ದರೆ ಒಂದು ಮಳೆಗಾಲವಾದರೂ ಉಳಿಯುತ್ತಿದ್ದಿತು. ನಾವು ಕ್ರಮವಾಗಿ ಬೇಡೋಣ. ಅವರು ಕ್ರಮವಾಗಿ ಉತ್ತರಿಸಲಿ. ಆದರೆ ಮೊದಲ ಹೆಜ್ಜೆಯನ್ನು ನಾವು ಇಟ್ಟ ಮೇಲೆಯೇ ಎರಡನೆಯದನ್ನು ಕೇಳುವ ಅಧಿಕಾರ ನಮಗೆ ಬರುವುದು.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಪ್ರೌಢಶಾಲೆಯ ಮಕ್ಕಳಿಗೆ ರಜೆಯ ಚೀಟಿಯನ್ನು ಬರೆಯಲು ಕಲಿಸಿದಂತೆ ಒಂದು ನಿವೇದನ ಪತ್ರವನ್ನೂ ಬರೆಯಲು ಕಲಿಸಿರಿ. ಶಾಲೆಯ ಬಾವಿಗೆ ಕಟ್ಟೆ ಬೇಕು, ಗ್ರಂಥಾಲಯಕ್ಕೆ ಕಪಾಟು ಬೇಕು, ಆಟದ ಬಯಲಿಗೆ ಬೇಲಿ ಬೇಕು ಎಂಬ ಸಣ್ಣ ವಿಷಯವೇ ಆಗಲಿ. ಮೊದಲು ಅನುಕ್ರಮಣಿಕೆಯನ್ನು ಬರೆಯಿಸಿ, ಆಮೇಲೆ ಒಕ್ಕಣೆಯನ್ನು ಬರೆಯಿಸಿರಿ. ವಕೀಲ ಬಂಧುಗಳಲ್ಲಿಯೂ ಒಂದು ಬೇಡಿಕೆ: ಕಕ್ಷಿದಾರನ ದಾವೆಗೆ ರಾತ್ರಿಯೆಲ್ಲ ಕೂರುವ ನೀವು ಊರಿನ ಸಂಘದ ಅರ್ಜಿಗಾಗಿ ತಿಂಗಳಿಗೊಂದು ಸಂಜೆಯನ್ನು ಕೊಡಿರಿ, ಶುಲ್ಕವನ್ನು ನಾಡು ಬೇರೆ ರೂಪದಲ್ಲಿ ಸಲ್ಲಿಸುವುದು.

ನಾಡು ಒಂದಾಗಿ ದಶಕಗಳು ಸಂದಿವೆ. ಹರಿದುಹೋಗಿದ್ದ ಭೂಮಿಯನ್ನು ಜೋಡಿಸಿದ ಜನರು ತಮ್ಮ ಹಾಳೆಗಳನ್ನು ಜೋಡಿಸಲಾರರೆಂದರೆ ಯಾರು ನಂಬಿಯಾರು? ಆ ಮಾಸ್ತರರ ವಾಚನಾಲಯದಲ್ಲಿ ಉಳಿದ ಓಲೆಯ ಕಟ್ಟುಗಳು ಇಂದು ಬಟ್ಟೆಯಲ್ಲಿ ಸುತ್ತಿ, ಸಂಖ್ಯೆ ಹಾಕಿ, ಯಾದಿಯೊಡನೆ ಕಪಾಟಿನಲ್ಲಿವೆ. ಆ ಯಾದಿಯ ಕೊನೆಯ ಪುಟದಲ್ಲಿ, ಬಿಚ್ಚಲು ಬಾರದೆ ಹೋದ ಕಟ್ಟುಗಳ ಸಂಖ್ಯೆಗಳನ್ನೂ ಮಾಸ್ತರರು ಬರೆದಿಟ್ಟಿದ್ದಾರೆ. ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಕನ್ನಡಿಗರೇ, ನಿಮ್ಮ ಊರಿನ ಯಾದಿಯಲ್ಲಿ ಅಂತಹ ಖಾಲಿ ಜಾಗ ಬೀಳುವುದಕ್ಕೆ ಮುನ್ನ ಲೇಖನಿಯನ್ನು ಎತ್ತಿರಿ; ಮತ್ತು ಮೊದಲ ಹಾಳೆಯನ್ನು ಮೊದಲು ಬರೆಯಿರಿ.